ಹಾಲಿ ಶಾಲಾ ಆವರಣದಲ್ಲಿ ಹೆಚ್ಚುವರಿ ತರಗತಿ ಕೊಠಡಿಗಳು: ಸುಸ್ಥಿರ ಹಾಗೂ ಬಹೂಪಯೋಗಿ ಕಟ್ಟಡ ವಿನ್ಯಾಸ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೆಚ್ಚುವರಿ ಕೊಠಡಿಗಳನ್ನು ಕೋರಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಗ್ರಾಮ ಪಂಚಾಯತಿಗಳು, ಹಳೆಯ ವಿದ್ಯಾರ್ಥಿಗಳ ಸಂಘಗಳು ಹಾಗೂ ದಾನಿಗಳು ಮನವಿ ಸಲ್ಲಿಸುವುದು ವಾಡಿಕೆ. ಇಂತಹ ಮನವಿಗಳಲ್ಲಿ ಸಾಮಾನ್ಯವಾಗಿ ಕೊಠಡಿಗಳ ಸಂಖ್ಯೆಯನ್ನು ಮಾತ್ರ ನಮೂದಿಸಲಾಗುತ್ತದೆ. ಕೊಠಡಿಯು ಆವರಣದ ಯಾವ ಭಾಗದಲ್ಲಿರಬೇಕು, ಯಾವ ದಿಕ್ಕಿಗೆ ಮುಖ ಮಾಡಿರಬೇಕು, ಅದರೊಳಗೆ ಯಾವ ರೀತಿಯ ಬೋಧನೆ ನಡೆಯುತ್ತದೆ, ಹತ್ತು ವರ್ಷಗಳ ನಂತರ ಅದೇ ಕೊಠಡಿ ಯಾವ ಉಪಯೋಗಕ್ಕೆ ಬರಬೇಕು ಎಂಬ ವಿಷಯಗಳು ಚರ್ಚೆಗೇ ಬರುವುದಿಲ್ಲ. ಒಮ್ಮೆ ಕಟ್ಟಿದ ಕಟ್ಟಡವು ನಲವತ್ತು ಐವತ್ತು ವರ್ಷ ಬಳಕೆಯಲ್ಲಿರುವುದರಿಂದ, ವಿನ್ಯಾಸದ ಹಂತದಲ್ಲಿ ಉಳಿದ ದೋಷವನ್ನು ಎರಡು ತಲೆಮಾರಿನ ಮಕ್ಕಳು ಅನುಭವಿಸಬೇಕಾಗುತ್ತದೆ.

ಮನವಿ ಸಲ್ಲಿಸುವ ಮುನ್ನ ಸಾರ್ವಜನಿಕರು ತಿಳಿದಿರಬೇಕಾದ ಕಾನೂನಿನ ಅಗತ್ಯಗಳು, ವಿನ್ಯಾಸದ ಮೂಲ ತತ್ವಗಳು ಹಾಗೂ ಕಾಮಗಾರಿಯ ಹಂತಗಳನ್ನು ಇಲ್ಲಿ ವಿವರಿಸಲಾಗಿದೆ.

2. ಕಾನೂನಿನ ಹಿನ್ನೆಲೆ

2.1 ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ವು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದರ ಅನುಸೂಚಿಯ ಪ್ರಕಾರ ಪ್ರತಿ ಶಾಲೆಯು ಈ ಕೆಳಕಂಡವುಗಳನ್ನು ಹೊಂದಿರತಕ್ಕದ್ದು:

- ಎಲ್ಲಾ ಹವಾಮಾನಕ್ಕೂ ಒಗ್ಗುವ ಕಟ್ಟಡ
- ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ತರಗತಿ ಕೊಠಡಿ, ಹಾಗೂ ಕಚೇರಿ, ದಾಸ್ತಾನು ಮತ್ತು ಮುಖ್ಯ ಶಿಕ್ಷಕರ ಬಳಕೆಗೆ ಒಂದು ಕೊಠಡಿ
- ಅಡೆತಡೆಯಿಲ್ಲದ ಪ್ರವೇಶ
- ಬಾಲಕರಿಗೆ ಮತ್ತು ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ
- ಸುರಕ್ಷಿತ ಹಾಗೂ ಸಾಕಷ್ಟು ಕುಡಿಯುವ ನೀರು
- ಮಧ್ಯಾಹ್ನದ ಊಟ ತಯಾರಾಗುವ ಶಾಲೆಗಳಲ್ಲಿ ಅಡುಗೆ ಕೋಣೆ
- ಆಟದ ಮೈದಾನ
- ಆವರಣ ಗೋಡೆ ಅಥವಾ ಬೇಲಿ

2.2 ಇದೇ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90 ಮಕ್ಕಳಿಗೆ ಮೂವರು, 91ರಿಂದ 120 ಮಕ್ಕಳಿಗೆ ನಾಲ್ವರು ಶಿಕ್ಷಕರಿರಬೇಕು. ಅಂದರೆ 60ಕ್ಕಿಂತ ಕಡಿಮೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿಗಳನ್ನು ಇಬ್ಬರು ಶಿಕ್ಷಕರು ನಡೆಸುತ್ತಾರೆ. ಒಂದು ಕೊಠಡಿಯಲ್ಲಿ ಏಕಕಾಲಕ್ಕೆ ಎರಡು ಅಥವಾ ಮೂರು ತರಗತಿಗಳು ನಡೆಯುವುದು ಇಂತಹ ಶಾಲೆಗಳ ನಿತ್ಯದ ಸ್ಥಿತಿಯಾದ್ದರಿಂದ ವಿನ್ಯಾಸವು ಇದನ್ನೇ ಆಧಾರವಾಗಿ ಇಟ್ಟುಕೊಳ್ಳತಕ್ಕದ್ದು.

2.3 ಅಧಿನಿಯಮದ 21ನೇ ಪ್ರಕರಣದಂತೆ ಶಾಲಾ ಸಮಿತಿಯಲ್ಲಿ ನಾಲ್ಕನೇ ಮೂರು ಭಾಗ ಪೋಷಕರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೂ ಇರಬೇಕು. 22ನೇ ಪ್ರಕರಣದಂತೆ ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುತ್ತದೆ, ಮತ್ತು ಅನುದಾನಗಳಿಗೆ ಆ ಯೋಜನೆಯೇ ಆಧಾರ. ಕರ್ನಾಟಕದಲ್ಲಿ ಇಂತಹ ಸಮಿತಿಗಳು ಈ ಅಧಿನಿಯಮಕ್ಕೂ ಮೊದಲೇ, 2001ರಿಂದ, ಅಸ್ತಿತ್ವದಲ್ಲಿವೆ. ಹೆಚ್ಚುವರಿ ಕೊಠಡಿಯ ಬೇಡಿಕೆಯು ಈ ಯೋಜನೆಯಲ್ಲಿ ಸೇರಿರುವುದು ಮುಖ್ಯ.

2.4 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆ ಮನೆಯಿಂದ ಹೊತ್ತಿದ ಬೆಂಕಿಯು ಹುಲ್ಲಿನ ಛಾವಣಿಗೆ ಹರಡಿ 94 ಮಕ್ಕಳು ಮೃತಪಟ್ಟರು. ಈ ದುರಂತದ ಹಿನ್ನೆಲೆಯಲ್ಲಿ ದಾಖಲಾದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲ್ 13ರಂದು ತೀರ್ಪು ನೀಡಿ, ಸುರಕ್ಷಿತ ಕಟ್ಟಡದಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿತು ಮತ್ತು ಶಾಲಾ ಕಟ್ಟಡಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯ ಸುರಕ್ಷತಾ ಮಾನದಂಡಗಳನ್ನು ಪಾಲಿಸಬೇಕೆಂದು ನಿರ್ದೇಶಿಸಿತು. ಸುರಕ್ಷತೆಯ ಅಂಶಗಳನ್ನು ವೆಚ್ಚ ಉಳಿತಾಯದ ಕಾರಣಕ್ಕೆ ಕೈಬಿಡಲು ಅವಕಾಶವಿರುವುದಿಲ್ಲ.

3. ಮೊದಲ ಹೆಜ್ಜೆ: ಆವರಣದ ಸಮೀಕ್ಷೆ

ಹೊಸ ನಿವೇಶನದಲ್ಲಿ ಕಟ್ಟುವುದಕ್ಕೂ ಈಗಾಗಲೇ ನಡೆಯುತ್ತಿರುವ ಶಾಲೆಯ ಆವರಣದಲ್ಲಿ ಕಟ್ಟುವುದಕ್ಕೂ ವ್ಯತ್ಯಾಸವಿದೆ. ಹಾಲಿ ಆವರಣದಲ್ಲಿ ಹಳೆಯ ಕೊಠಡಿಗಳು, ಮರಗಳು, ಬಾವಿ ಅಥವಾ ಕೊಳವೆಬಾವಿ, ಅಡುಗೆ ಕೋಣೆ, ಶೌಚಾಲಯ, ಮಕ್ಕಳು ಓಡಾಡಿ ಮೂಡಿದ ಕಾಲುದಾರಿ ಎಲ್ಲವೂ ಇರುತ್ತವೆ. ಇವೆಲ್ಲವನ್ನೂ ತೋರಿಸುವ ನಕ್ಷೆಯನ್ನು ಮೊದಲು ಸಿದ್ಧಪಡಿಸತಕ್ಕದ್ದು. ನಕ್ಷೆಯಲ್ಲಿ ಕೆಳಕಂಡ ವಿವರಗಳು ಇರುವುದು ಅಪೇಕ್ಷಣೀಯ:

- ಆವರಣದ ಗಡಿ, ಉತ್ತರ ದಿಕ್ಕು ಮತ್ತು ನೆಲದ ಇಳಿಜಾರು
- ಪ್ರತಿ ಹಳೆಯ ಕೊಠಡಿಯ ಅಳತೆ, ಸ್ಥಿತಿ ಮತ್ತು ಪ್ರಸ್ತುತ ಉಪಯೋಗ
- ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ ಮತ್ತು ನೀರು ಹರಿದು ಹೋಗುವ ದಾರಿ
- ಮರಗಳು, ಅವುಗಳ ಜಾತಿ ಮತ್ತು ನೆರಳು ಬೀಳುವ ವ್ಯಾಪ್ತಿ
- ವಿದ್ಯುತ್ ತಂತಿ, ಪರಿವರ್ತಕ, ಬಾವಿ, ಶೌಚಗುಂಡಿ
- ಆಟದ ಮೈದಾನವಾಗಿ ಬಳಕೆಯಲ್ಲಿರುವ ಜಾಗ

ಅನೇಕ ಶಾಲೆಗಳ ನಿವೇಶನಗಳು ಹಿಂದಿನ ಕಾಲದಲ್ಲಿ ಗ್ರಾಮದ ಹಿರಿಯರು ಬಾಯಿಮಾತಿನಲ್ಲಿ ದಾನ ನೀಡಿದವುಗಳಾಗಿದ್ದು, ದಾಖಲೆಯಲ್ಲಿ ಇಂದಿಗೂ ದಾನಿಯ ಕುಟುಂಬದ ಹೆಸರೇ ಉಳಿದಿರುವುದುಂಟು. ಕಾಮಗಾರಿ ಆರಂಭವಾದ ನಂತರ ಇಂತಹ ತಕರಾರು ಎದುರಾದಲ್ಲಿ ಅಡಿಪಾಯದ ಹಂತದಲ್ಲೇ ಕೆಲಸ ನಿಲ್ಲುತ್ತದೆ. ಆದ್ದರಿಂದ ದಾನಪತ್ರ, ಪಹಣಿ ಅಥವಾ ಗ್ರಾಮ ಪಂಚಾಯತಿಯ ಆಸ್ತಿ ದಾಖಲೆಯನ್ನು ಮುಂಚಿತವಾಗಿಯೇ ಪರಿಶೀಲಿಸಿ ಸರಿಪಡಿಸಿಕೊಳ್ಳುವುದು.

ಮರ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅಡಿಯಲ್ಲಿ ಅನುಮತಿ ಅಗತ್ಯ. ಆದರೆ ಅನುಮತಿ ಪಡೆಯುವುದಕ್ಕಿಂತ ಮರ ಉಳಿಯುವಂತೆ ಕಟ್ಟಡವನ್ನು ಜರುಗಿಸುವುದೇ ಲೇಸು. ಹೊಂಗೆ, ಬೇವು, ಮಾವಿನಂತಹ ಬೆಳೆದ ಮರವು ಪಶ್ಚಿಮದ ಬಿಸಿಲನ್ನು ತಡೆಯುತ್ತದೆ, ಮತ್ತು ಅದರ ಸುತ್ತ ಕಟ್ಟೆ ಕಟ್ಟಿದಲ್ಲಿ ಅದೇ ಒಂದು ಬಯಲು ತರಗತಿಯಾಗುತ್ತದೆ.

4. ಎಲ್ಲಿ ಕಟ್ಟಬೇಕು

4.1 ಆಟದ ಮೈದಾನವನ್ನು ಒಡೆಯಬಾರದು. ಮೈದಾನದ ನಡುವೆ ಒಂದು ಜೋಡಿ ಕೊಠಡಿ ಕಟ್ಟಿದಲ್ಲಿ ಉಳಿದ ಎರಡೂ ತುಂಡುಗಳು ಆಟಕ್ಕೆ ಬಾರದೆ ಹೋಗುತ್ತವೆ.

4.2 ಹಳೆಯ ಕಟ್ಟಡಕ್ಕೆ ಅಂಟಿಸಿ ಕಟ್ಟುವ ರೂಢಿಯಿಂದ ಹಳೆಯ ಕೊಠಡಿಯ ಕಿಟಕಿಗಳು ಮುಚ್ಚಿಹೋಗುತ್ತವೆ. ಎರಡು ಕಟ್ಟಡಗಳ ನಡುವೆ ಕನಿಷ್ಠ ಕಟ್ಟಡದ ಎತ್ತರದಷ್ಟಾದರೂ ಅಂತರವಿರುವುದು ಬೆಳಕಿಗೂ ಗಾಳಿಗೂ ಒಳ್ಳೆಯದು. ಅಂಟಿಸಿ ಕಟ್ಟುವುದು ಅನಿವಾರ್ಯವಾದಲ್ಲಿ ಹೊಸ ಮತ್ತು ಹಳೆಯ ಗೋಡೆಗಳ ನಡುವೆ ಸಂಧಿ ಬಿಡತಕ್ಕದ್ದು. ಹೊಸ ಅಡಿಪಾಯವು ತನ್ನದೇ ಪ್ರಮಾಣದಲ್ಲಿ ಕುಸಿಯುವುದರಿಂದ ಸಂಧಿಯಿಲ್ಲದ ಕಡೆ ಬಿರುಕು ಕಾಣಿಸಿಕೊಳ್ಳುತ್ತದೆ.

4.3 ಜಾಗವಿಲ್ಲದ ಶಾಲೆಗಳಲ್ಲಿ ಹಳೆಯ ಕಟ್ಟಡದ ಮೇಲೆ ಮಹಡಿ ಕಟ್ಟುವ ಬೇಡಿಕೆ ಬರುವುದು ಸಹಜ. ಹಳೆಯ ಅಡಿಪಾಯದ ಆಳ, ಕಬ್ಬಿಣದ ಸ್ಥಿತಿ ಹಾಗೂ ಮೂಲ ವಿನ್ಯಾಸವನ್ನು ಇಂಜಿನಿಯರು ಪರೀಕ್ಷಿಸಿ ಲಿಖಿತವಾಗಿ ದೃಢೀಕರಿಸದ ಹೊರತು ಮಹಡಿ ಕಟ್ಟತಕ್ಕದ್ದಲ್ಲ.

4.4 ಅಡುಗೆ ಕೋಣೆಯು ತರಗತಿಗಳಿಂದ ಪ್ರತ್ಯೇಕವಾಗಿಯೂ, ಗಾಳಿ ಬೀಸುವ ದಿಕ್ಕಿನಲ್ಲಿ ಹೊಗೆಯು ತರಗತಿಗಳತ್ತ ಬಾರದಂತೆಯೂ ಇರಬೇಕು. ಶೌಚಗುಂಡಿಯು ಬಾವಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿರುವಂತೆ ನೋಡಿಕೊಳ್ಳುವುದು.

5. ದಿಕ್ಕು, ಬೆಳಕು ಮತ್ತು ಗಾಳಿ

ಕರ್ನಾಟಕವು ಸುಮಾರು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇದೆ. ಇಲ್ಲಿ ಬೆಳಗಿನ ಮತ್ತು ಸಂಜೆಯ ಸೂರ್ಯನ ಕಿರಣಗಳು ಓರೆಯಾಗಿ ಬಂದು ಪೂರ್ವ ಮತ್ತು ಪಶ್ಚಿಮದ ಗೋಡೆಗಳನ್ನು ಕಾಯಿಸುತ್ತವೆ. ಓರೆ ಕಿರಣವನ್ನು ಸಜ್ಜೆಯಿಂದ ತಡೆಯಲಾಗದು. ಆದ್ದರಿಂದ ಕಟ್ಟಡದ ಉದ್ದವು ಪೂರ್ವ ಪಶ್ಚಿಮವಾಗಿಯೂ, ಕಿಟಕಿಗಳಿರುವ ಉದ್ದನೆಯ ಗೋಡೆಗಳು ಉತ್ತರ ಮತ್ತು ದಕ್ಷಿಣಕ್ಕೂ ಇರತಕ್ಕದ್ದು.

ದಕ್ಷಿಣದ ಬಿಸಿಲನ್ನು ತಡೆಯುವುದು ಸುಲಭ. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರ್ ಮೂರನೇ ವಾರದ ನಡುಹಗಲಿನಲ್ಲಿ ಸೂರ್ಯನು ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ 60 ಸೆಂ.ಮೀ. ಚಾಚಿದ ಸಜ್ಜೆಯು ತನ್ನ ಕೆಳಗೆ ಸುಮಾರು 80 ಸೆಂ.ಮೀ. ವರೆಗೆ ನೆರಳು ನೀಡುತ್ತದೆ. ಉಳಿದ ತಿಂಗಳುಗಳಲ್ಲಿ ಸೂರ್ಯ ಇನ್ನೂ ಮೇಲಿರುವುದರಿಂದ ನೆರಳು ಮತ್ತಷ್ಟು ಉದ್ದವಾಗುತ್ತದೆ. ದಕ್ಷಿಣಕ್ಕೆ ವರಾಂಡ ಇಟ್ಟಲ್ಲಿ ಸಜ್ಜೆಯ ಅಗತ್ಯವೇ ಬೀಳುವುದಿಲ್ಲ.

ಕಿಟಕಿಯ ಬೆಳಕು ಕೊಠಡಿಯೊಳಗೆ, ಕಿಟಕಿಯ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಚೆನ್ನಾಗಿ ತಲುಪುತ್ತದೆ. ಮೇಲಂಚು 2.1 ಮೀಟರ್ ಇದ್ದಲ್ಲಿ ಇದು ಸುಮಾರು 4ರಿಂದ 5 ಮೀಟರ್ ಆಗುತ್ತದೆ. 20 ಅಡಿ, ಅಂದರೆ 6.1 ಮೀಟರ್ ಅಗಲದ ಕೊಠಡಿಗೆ ಒಂದೇ ಪಕ್ಕದ ಕಿಟಕಿ ಸಾಲದು. ಎದುರುಬದುರಾದ ಎರಡೂ ಗೋಡೆಗಳಲ್ಲಿ ಕಿಟಕಿಗಳಿದ್ದಲ್ಲಿ ಬೆಳಕು ಸಮನಾಗಿ ಹರಡುವುದಲ್ಲದೆ ಗಾಳಿಯೂ ಅಡ್ಡಹಾಯುತ್ತದೆ. ಕಿಟಕಿಗಳ ಒಟ್ಟು ವಿಸ್ತೀರ್ಣ ನೆಲದ ವಿಸ್ತೀರ್ಣದ ಐದನೇ ಒಂದು ಭಾಗದಷ್ಟಿರುವುದು ಸೂಕ್ತ. 20 ಅಡಿ ಉದ್ದ, 20 ಅಡಿ ಅಗಲದ ಕೊಠಡಿಗೆ 1.5 ಮೀಟರ್ ಅಗಲ, 1.2 ಮೀಟರ್ ಎತ್ತರದ ನಾಲ್ಕು ಕಿಟಕಿಗಳಿಂದ ಈ ಪ್ರಮಾಣ ಬಹುತೇಕ ಪೂರ್ಣಗೊಳ್ಳುತ್ತದೆ. ನೆಲದ ಮೇಲೆ ಕುಳಿತು ಕಲಿಯುವ ಚಿಕ್ಕ ಮಕ್ಕಳ ಕೊಠಡಿಯಲ್ಲಿ ಕಿಟಕಿಯ ಕೆಳ ಅಂಚನ್ನು ತಗ್ಗಿಸಿದಲ್ಲಿ ಗಾಳಿಯು ಮಕ್ಕಳ ಮೈಮೇಲೆ ಹಾಯುತ್ತದೆ. ಬಿಸಿಗಾಳಿ ಹೊರಹೋಗಲು ಛಾವಣಿಗೆ ಹತ್ತಿರ ಗವಾಕ್ಷಿಗಳಿರಬೇಕು. ಕಪ್ಪುಹಲಗೆಯು ಕಿಟಕಿಯಿಲ್ಲದ ಗೋಡೆಯಲ್ಲಿರಬೇಕು. ಕಿಟಕಿಯ ಪಕ್ಕದಲ್ಲಿ ಹಲಗೆಯಿದ್ದಲ್ಲಿ ಮಕ್ಕಳ ಕಣ್ಣಿಗೆ ಬೆಳಕು ಕುಕ್ಕಿ ಅಕ್ಷರ ಕಾಣುವುದಿಲ್ಲ.

6. ಬಹೂಪಯೋಗಿ ಕೊಠಡಿ ಎಂದರೇನು

6.1 ಬೋಧನೆಯ ಅಗತ್ಯ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ ಕುಳಿತು, ಕಲಿಕಾ ಏಣಿಯಲ್ಲಿ ತಾವಿರುವ ಮೆಟ್ಟಿಲಿಗೆ ಅನುಗುಣವಾಗಿ ಕಾರ್ಡುಗಳ ಸಹಾಯದಿಂದ ಕಲಿಯುತ್ತಾರೆ. ಇಲ್ಲಿ ಶಿಕ್ಷಕರು ಒಂದೆಡೆ ನಿಲ್ಲದೆ ಗುಂಪಿನಿಂದ ಗುಂಪಿಗೆ ಹೋಗುತ್ತಾರೆ. ಮಕ್ಕಳ ಬರಹ ಮತ್ತು ಚಿತ್ರಗಳು ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತವೆ. ಗೋಡೆಯ ಕೆಳಭಾಗದ ಕಪ್ಪುಹಲಗೆಯಲ್ಲಿ ಪ್ರತಿ ಮಗುವೂ ಬರೆಯುತ್ತದೆ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕುಳಿತುಕೊಳ್ಳುವುದಕ್ಕೆಂದು ಕಟ್ಟಿದ ಕೊಠಡಿಯಲ್ಲಿ, ಅದರಲ್ಲೂ ಸಿಮೆಂಟಿನ ಎತ್ತರದ ಕಟ್ಟೆಯುಳ್ಳ ಕೊಠಡಿಯಲ್ಲಿ, ಈ ಪದ್ಧತಿಗೆ ಜಾಗ ಸಾಲುವುದಿಲ್ಲ. ಆದರೆ ಅದೇ ಶಾಲೆಯ ಮೇಲಿನ ತರಗತಿಗಳಿಗೆ ಸಾಲು ಬೆಂಚುಗಳೂ, ಪರೀಕ್ಷೆಗೆ ಪ್ರತ್ಯೇಕ ಆಸನಗಳೂ ಬೇಕಾಗುತ್ತವೆ. ಎರಡಕ್ಕೂ ಒದಗುವಂತಹ ಕೊಠಡಿಯೇ ಬಹೂಪಯೋಗಿ ಕೊಠಡಿ.

6.2 ಶಾಲೆಯ ಬದಲಾಗುವ ಅಗತ್ಯ

ದಾಖಲಾತಿಯು ಏರಿಳಿಯುತ್ತದೆ. ಕಿರಿಯ ಪ್ರಾಥಮಿಕ ಶಾಲೆ ಹಿರಿಯ ಪ್ರಾಥಮಿಕ ಶಾಲೆಯಾಗುತ್ತದೆ. ಕೆಲವೆಡೆ ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಯಾಗುತ್ತದೆ. ಕೆಲವೆಡೆ ಮಕ್ಕಳ ಸಂಖ್ಯೆ ಕುಸಿಯುತ್ತದೆ. ಇದಲ್ಲದೆ ಶಾಲೆಗಳು ಚುನಾವಣೆಯಲ್ಲಿ ಮತಗಟ್ಟೆಗಳಾಗುತ್ತವೆ. 2009ರ ಮತ್ತು 2019ರ ಪ್ರವಾಹಗಳ ಸಂದರ್ಭದಲ್ಲಿ ಶಾಲೆಗಳಲ್ಲೇ ಪರಿಹಾರ ಕೇಂದ್ರಗಳನ್ನು ತೆರೆಯಲಾಗಿತ್ತು. ಈ ಎಲ್ಲಾ ಉಪಯೋಗಗಳನ್ನು ಗೋಡೆ ಒಡೆಯದೆಯೇ ನಿಭಾಯಿಸುವ ಕಟ್ಟಡವು ದೀರ್ಘಕಾಲದಲ್ಲಿ ಅಗ್ಗ.

6.3 ವಿನ್ಯಾಸದಲ್ಲಿ ಅಳವಡಿಸಬೇಕಾದ ಅಂಶಗಳು

(ಅ) ಜೋಡಿ ಕೊಠಡಿ: 20 ಅಡಿ ಚದರದ ಎರಡು ಕೊಠಡಿಗಳನ್ನು ಅಕ್ಕಪಕ್ಕದಲ್ಲಿ ಕಟ್ಟಿ, ನಡುವಿನ ಗೋಡೆಯ ಬದಲು ತೊಲೆಯ ಮೇಲೆ ಛಾವಣಿಯನ್ನು ನಿಲ್ಲಿಸಿ, ತೊಲೆಯ ಕೆಳಗೆ ಮಡಚುವ ತಡಿಕೆ ಅಳವಡಿಸುವುದು. ತಡಿಕೆ ಮುಚ್ಚಿದಾಗ ಎರಡು ತರಗತಿಗಳು. ತೆರೆದಾಗ 40 ಅಡಿ ಉದ್ದದ ಸಭಾಂಗಣ. 20 ಅಡಿ ಚದರದ ಕೊಠಡಿಯು ಸುಮಾರು 37 ಚದರ ಮೀಟರ್ ಇದ್ದು, 30 ಮಕ್ಕಳಿಗೆ ತಲಾ ಸುಮಾರು 1.2 ಚದರ ಮೀಟರ್ ದೊರೆಯುತ್ತದೆ.

(ಆ) ತಡಿಕೆಯ ಆಯ್ಕೆ: ಮಡಚುವ ತಡಿಕೆಯ ಮುಖ್ಯ ದೋಷವೆಂದರೆ ಪಕ್ಕದ ತರಗತಿಯ ಶಬ್ದ ಕೇಳಿಸುವುದು. ತಡಿಕೆಯು ತೊಲೆಯ ತಳದವರೆಗೆ ಇರಬೇಕು ಮತ್ತು ಅಂಚುಗಳಿಗೆ ರಬ್ಬರ್ ಪಟ್ಟಿ ಹಾಕಿರಬೇಕು. ಶಬ್ದ ಪೂರ್ಣವಾಗಿ ನಿಲ್ಲುವುದಿಲ್ಲವಾದ್ದರಿಂದ ಪಾಠಕ್ಕೆ ಮೌನ ಅಗತ್ಯವಿರುವ ಎರಡು ಮೇಲ್ತರಗತಿಗಳನ್ನು ಅಕ್ಕಪಕ್ಕದಲ್ಲಿ ಇಡದಿರುವುದು ಒಳಿತು. ಸ್ಥಳೀಯ ಬಡಗಿ ಅಥವಾ ವೆಲ್ಡಿಂಗ್ ಅಂಗಡಿಯವರು ದುರಸ್ತಿ ಮಾಡಬಲ್ಲ ಸರಳ ಕೀಲು ಮತ್ತು ಚಕ್ರಗಳನ್ನೇ ಬಳಸತಕ್ಕದ್ದು. ದೂರದ ನಗರದಿಂದ ಬಿಡಿಭಾಗ ತರಬೇಕಾದ ತಡಿಕೆಯು ಒಮ್ಮೆ ಕೆಟ್ಟರೆ ಶಾಶ್ವತವಾಗಿ ಮುಚ್ಚಿದ ಗೋಡೆಯಾಗುತ್ತದೆ ಅಥವಾ ಶಾಶ್ವತವಾಗಿ ತೆರೆದಿರುತ್ತದೆ.

(ಇ) ಅಗಲವಾದ ವರಾಂಡ: 8 ಅಡಿ ಅಗಲದ ವರಾಂಡವು ಓಡಾಟಕ್ಕೂ, ಒಂದು ಗುಂಪಿನ ಕಲಿಕೆಗೂ, ಮಧ್ಯಾಹ್ನದ ಊಟಕ್ಕೂ ಒದಗುತ್ತದೆ. 4 ಅಡಿಯ ವರಾಂಡವು ಓಡಾಟಕ್ಕೆ ಮಾತ್ರ ಸಾಕು.

(ಈ) ಗೋಡೆಗಳು: ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದವರೆಗೆ ಮಕ್ಕಳು ಬರೆಯುವ ಹಲಗೆ, ಚಪ್ಪರದ ತಂತಿಗಾಗಿ ಗೋಡೆಗಳಲ್ಲಿ ಕಟ್ಟುವಾಗಲೇ ಕೂರಿಸಿದ ಕೊಕ್ಕೆಗಳು, ಕಲಿಕಾ ಸಾಮಗ್ರಿಗೆ ಮಕ್ಕಳ ಕೈಗೆಟುಕುವ ಗೂಡುಗಳು.

(ಉ) ಸ್ಥಿರ ಕಟ್ಟೆ ಬೇಡ: ಶಿಕ್ಷಕರಿಗೆ ಎತ್ತರ ಬೇಕಾದಲ್ಲಿ ಸರಿಸಬಹುದಾದ ಮರದ ಮಣೆ ಸಾಕು. ಪೀಠೋಪಕರಣಗಳು ಇಬ್ಬರು ಮಕ್ಕಳು ಎತ್ತಿ ಸರಿಸುವಷ್ಟು ಹಗುರವಾಗಿರಲಿ.

(ಊ) ವಿದ್ಯುತ್: ನಾಲ್ಕೂ ಗೋಡೆಗಳಲ್ಲಿ ವಿದ್ಯುತ್ ಬಿಂದುಗಳಿರಲಿ. ಕೊಠಡಿಯು ಮುಂದೆ ಕಂಪ್ಯೂಟರ್ ಅಥವಾ ವಿಜ್ಞಾನ ಪ್ರಯೋಗಾಲಯವಾದಾಗ ಗೋಡೆ ಕೊರೆಯುವ ಪ್ರಮೇಯ ಬರುವುದಿಲ್ಲ.

(ಋ) ಕಟ್ಟಡವೇ ಕಲಿಕೆಯ ಸಾಧನ: ‘ಬಾಲ’ ಎಂಬ ಹೆಸರಿನಿಂದ ದೇಶದಾದ್ಯಂತ ಪರಿಚಿತವಾದ ಕಲ್ಪನೆಯಂತೆ, ಬಾಗಿಲು ತೆರೆಯುವ ನೆಲದ ಮೇಲೆ ಕೋನಗಳ ಗುರುತು, ಕಂಬದ ಮೇಲೆ ಎತ್ತರದ ಅಳತೆ, ಕಿಟಕಿಯ ಸರಳುಗಳಲ್ಲಿ ಅಕ್ಷರಗಳ ತಿರುವು, ವರಾಂಡದಲ್ಲಿ ಸಂಖ್ಯಾರೇಖೆ ಮುಂತಾದವುಗಳನ್ನು ಅತಿ ಕಡಿಮೆ ವೆಚ್ಚದಲ್ಲಿ ಅಳವಡಿಸಬಹುದು.

7. ಸಾಮಗ್ರಿಗಳ ಆಯ್ಕೆ

ಸುಸ್ಥಿರ ಕಟ್ಟಡವೆಂದರೆ ದುಬಾರಿ ಯಂತ್ರೋಪಕರಣಗಳುಳ್ಳ ಕಟ್ಟಡವಲ್ಲ. ಹತ್ತಿರದಲ್ಲಿ ದೊರೆಯುವ, ಕಡಿಮೆ ಇಂಧನದಿಂದ ತಯಾರಾಗುವ, ಊರಿನ ಮೇಸ್ತ್ರಿಗಳೇ ದುರಸ್ತಿ ಮಾಡಬಲ್ಲ ಸಾಮಗ್ರಿಯಿಂದ ಕಟ್ಟಿದ್ದು ಎಂದರ್ಥ.

7.1 ಗೋಡೆ: ಕರಾವಳಿಯಲ್ಲಿ ಮುರಕಲ್ಲು, ದಕ್ಷಿಣದ ಬಯಲುಸೀಮೆಯಲ್ಲಿ ಸೈಜುಗಲ್ಲು, ಕಲಬುರಗಿ ಭಾಗದಲ್ಲಿ ಶಹಾಬಾದ್ ಕಲ್ಲು ಪರಂಪರೆಯಿಂದ ಬಳಕೆಯಲ್ಲಿವೆ. ಕೆಂಪು ಮಣ್ಣು ದೊರೆಯುವೆಡೆ ಒತ್ತಿದ ಮಣ್ಣಿನ ಇಟ್ಟಿಗೆ ಉತ್ತಮ ಆಯ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಈ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿತು. ಮಣ್ಣಿಗೆ ಸುಮಾರು ಶೇ. 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದಲ್ಲಿ ಇಟ್ಟಿಗೆ ಸಿದ್ಧವಾಗುತ್ತದೆ. ಸುಡಬೇಕಾಗಿಲ್ಲವಾದ್ದರಿಂದ ಸೌದೆ ಅಥವಾ ಕಲ್ಲಿದ್ದಲು ಬೇಕಿಲ್ಲ. ಮಣ್ಣಿನಲ್ಲಿ ಮರಳಿನ ಅಂಶ ಹೆಚ್ಚಿದ್ದು ಜೇಡಿ ಕಡಿಮೆ ಇರಬೇಕು. ಕಪ್ಪು ಎರೆಮಣ್ಣು ಇದಕ್ಕೆ ತಕ್ಕದ್ದಲ್ಲ. ಇಟ್ಟಿಗೆಯ ಬಲವನ್ನು ಒಣಗಿದ ಸ್ಥಿತಿಯಲ್ಲಿ ಅಲ್ಲದೆ, ನೀರಿನಲ್ಲಿ ನೆನೆಸಿದ ನಂತರ ಪರೀಕ್ಷಿಸತಕ್ಕದ್ದು.

7.2 ಅಡಿಪಾಯ: ಉತ್ತರ ಕರ್ನಾಟಕದ ಎರೆಭೂಮಿಯು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಸಾಧಾರಣ ಆಳದ ಅಡಿಪಾಯದ ಮೇಲಿನ ಗೋಡೆಗಳು ಇಲ್ಲಿ ಕೆಲವೇ ವರ್ಷಗಳಲ್ಲಿ ಸೀಳುತ್ತವೆ. ಈ ಉಬ್ಬರ ತಲುಪದ ಆಳಕ್ಕೆ ಇಳಿಯುವ, ತಳದಲ್ಲಿ ಗೆಡ್ಡೆಯಂತೆ ಅಗಲಿಸಿದ ಕಂಬದ ಅಡಿಪಾಯ ಸೂಕ್ತ. ಮಣ್ಣು ಪರೀಕ್ಷೆಗೆ ತಗಲುವ ಹಣವನ್ನು ಉಳಿಸಲು ಹೋಗಿ ಕಟ್ಟಡವನ್ನೇ ಕಳೆದುಕೊಳ್ಳಬಾರದು.

7.3 ಛಾವಣಿ: ಶಾಲಾ ಕೊಠಡಿಯ ಸೆಖೆಯಲ್ಲಿ ಹೆಚ್ಚಿನ ಪಾಲು ಛಾವಣಿಯಿಂದಲೇ ಬರುತ್ತದೆ. ತಗಡಿನ ಛಾವಣಿಯು ಬೇಸಿಗೆಯಲ್ಲಿ ಕಾದು, ಮಳೆಗಾಲದಲ್ಲಿ ಶಿಕ್ಷಕರ ಮಾತು ಕೇಳದಷ್ಟು ಸದ್ದು ಮಾಡುತ್ತದೆ. ಕಲ್ನಾರಿನ ಶೀಟುಗಳು ಆರೋಗ್ಯಕ್ಕೆ ಹಾನಿಕರವಾದ್ದರಿಂದ ಬಳಸಬಾರದು. ಕರಾವಳಿ ಮತ್ತು ಮಲೆನಾಡಿನಲ್ಲಿ ಇಳಿಜಾರು ಹೆಂಚಿನ ಛಾವಣಿ ಇಂದಿಗೂ ಸೂಕ್ತ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭವಾದಂದಿನಿಂದ ಈ ಹೆಂಚು ಇಲ್ಲಿನ ಮಳೆಯನ್ನು ತಡೆದುಕೊಂಡು ಬಂದಿದೆ. ಬಯಲುಸೀಮೆಯಲ್ಲಿ ಕಾಂಕ್ರೀಟ್ ಛಾವಣಿ ಹಾಕುವಾಗ ಕೆಳಭಾಗದಲ್ಲಿ ಹಳೆಯ ಹೆಂಚುಗಳನ್ನು ಜೋಡಿಸುವ ವಿಧಾನವನ್ನು ಪರಿಶೀಲಿಸಬಹುದು. ಛಾವಣಿಯ ಕೆಳಪದರದಲ್ಲಿ ಎಳೆತದ ಭಾರವನ್ನು ಕಬ್ಬಿಣವೇ ಹೊರುವುದರಿಂದ ಅಲ್ಲಿನ ಕಾಂಕ್ರೀಟಿನ ಒಂದಂಶವನ್ನು ಹೆಂಚಿನಿಂದ ತುಂಬಿಸಿದರೂ ಬಲ ಕುಂದುವುದಿಲ್ಲ. ಸಿಮೆಂಟ್ ಉಳಿಯುತ್ತದೆ, ಹೆಂಚಿನೊಳಗಿನ ಗಾಳಿಯು ಬಿಸಿಲನ್ನು ತಡೆಯುತ್ತದೆ. ಇದನ್ನು ಅನುಭವವುಳ್ಳ ಇಂಜಿನಿಯರರ ಮೇಲ್ವಿಚಾರಣೆಯಲ್ಲಿ ಮಾತ್ರ ಮಾಡತಕ್ಕದ್ದು. ತಾರಸಿಗೆ ಬಿಳಿ ಬಣ್ಣ ಅಥವಾ ಬಿಳಿ ಚೂರು ಹೆಂಚಿನ ಹೊದಿಕೆ ಹಾಕುವುದು ಅತ್ಯಂತ ಅಗ್ಗದ ಉಪಾಯ.

8. ನೀರು ಮತ್ತು ವಿದ್ಯುತ್

8.1 ಮಳೆನೀರು: ವರಾಂಡ ಸಹಿತ ಎರಡು ಕೊಠಡಿಗಳ ಛಾವಣಿಯು ಸುಮಾರು 100 ಚದರ ಮೀಟರ್ ಆಗುತ್ತದೆ. ವರ್ಷಕ್ಕೆ 600 ಮಿ.ಮೀ. ಮಳೆ ಬೀಳುವ ಊರಿನಲ್ಲಿ, ಐದನೇ ಒಂದು ಭಾಗ ವ್ಯರ್ಥವಾಗುವುದೆಂದು ಲೆಕ್ಕ ಹಾಕಿದರೂ, ಈ ಛಾವಣಿಯಿಂದ 48,000 ಲೀಟರ್ ನೀರು ದೊರೆಯುತ್ತದೆ. 120 ಮಕ್ಕಳಿಗೆ ಕುಡಿಯಲು ತಲಾ ಒಂದೂವರೆ ಲೀಟರಿನಂತೆ ದಿನಕ್ಕೆ 180 ಲೀಟರ್ ಬೇಕು; 220 ಶಾಲಾ ದಿನಗಳಿಗೆ 39,600 ಲೀಟರ್. ಆದರೆ ಮಳೆಯು ಕೆಲವೇ ತಿಂಗಳುಗಳಲ್ಲಿ ಸುರಿಯುವುದರಿಂದ ತೊಟ್ಟಿಯ ಗಾತ್ರವೇ ನಿರ್ಣಾಯಕ. 10,000 ಲೀಟರ್ ತೊಟ್ಟಿಯು ತುಂಬಿದಾಗ ಸುಮಾರು 55 ಶಾಲಾ ದಿನಗಳಿಗೆ ಸಾಕಾಗುತ್ತದೆ. ಪ್ರತಿ ಮಳೆಯ ಮೊದಲ ನೀರನ್ನು ಹೊರಬಿಡುವ ವ್ಯವಸ್ಥೆ, ಶೋಧಕ ಮತ್ತು ಕುಡಿಯುವ ಮುನ್ನ ಶುದ್ಧೀಕರಣ ಕಡ್ಡಾಯವಾಗಿರಬೇಕು. ತೊಟ್ಟಿಯಿಂದ ಉಕ್ಕುವ ನೀರನ್ನು ಕೊಳವೆಬಾವಿಯ ಸಮೀಪದ ಇಂಗುಗುಂಡಿಗೆ ಹರಿಸುವುದು.

8.2 ವಿದ್ಯುತ್: ಎರಡು ಕೊಠಡಿಗಳ ಎಂಟು ಸಾಧಾರಣ ಫ್ಯಾನುಗಳಿಗೆ ತಲಾ 75 ವಾಟ್‌ನಂತೆ 600 ವಾಟ್ ಬೇಕು, ಕಡಿಮೆ ವಿದ್ಯುತ್ ಬಳಸುವ ಹೊಸ ಮಾದರಿಯ ಫ್ಯಾನುಗಳಿಗೆ ತಲಾ ಸುಮಾರು 30 ವಾಟ್‌ನಂತೆ 240 ವಾಟ್ ಸಾಕು. 20 ವಾಟ್‌ನ ಎಂಟು ಎಲ್‌ಇಡಿ ದೀಪಗಳನ್ನು ಸೇರಿಸಿದರೆ ಒಟ್ಟು 400 ವಾಟ್. ದಿನಕ್ಕೆ ಆರು ಗಂಟೆ ಬಳಸಿದರೆ 2.4 ಯೂನಿಟ್. ಒಂದು ಕಿಲೋವಾಟ್ ಸೌರ ಫಲಕವು ರಾಜ್ಯದ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ ಸುಮಾರು 4 ಯೂನಿಟ್ ನೀಡುತ್ತದೆ. ಫಲಕ ಅಳವಡಿಸುವ ಉದ್ದೇಶವಿಲ್ಲದಿದ್ದರೂ ಛಾವಣಿಯಲ್ಲಿ ಅದಕ್ಕೆ ನೆರಳಿಲ್ಲದ ಜಾಗ ಮತ್ತು ತಂತಿಯ ಕೊಳವೆಯನ್ನು ಕಟ್ಟುವಾಗಲೇ ಬಿಡುವುದು ಸೂಕ್ತ.

9. ಸುರಕ್ಷತೆ ಮತ್ತು ಎಲ್ಲರಿಗೂ ಪ್ರವೇಶ

9.1 ಪ್ರತಿ ಕೊಠಡಿಗೆ ಎರಡು ಬಾಗಿಲುಗಳಿದ್ದು ಅವು ಹೊರಕ್ಕೆ ತೆರೆಯುವಂತಿರಬೇಕು. ಹಾಗೆ ತೆರೆದ ಬಾಗಿಲು ವರಾಂಡದ ದಾರಿಗೆ ಅಡ್ಡವಾಗಬಾರದು. ಮಹಡಿ ಇದ್ದಲ್ಲಿ ಇಳಿಯಲು ಎರಡನೇ ಮೆಟ್ಟಿಲು ಅಗತ್ಯ. ಕಿಟಕಿಯ ಕಬ್ಬಿಣದ ಜಾಲರಿಯಲ್ಲಿ ಕನಿಷ್ಠ ಒಂದಾದರೂ ಒಳಗಿನಿಂದ ತೆರೆಯುವಂತಿರಲಿ.

9.2 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ ದಪ್ಪ ಕಲ್ಲಿನ ಗೋಡೆಗಳು ಕುಸಿದು ಸಾವಿರಾರು ಜನ ಮೃತಪಟ್ಟರು. ಆ ಸ್ಥಳವು ರಾಜ್ಯದ ಗಡಿಯಿಂದ ದೂರವಿಲ್ಲ. ಗೋಡೆ ಕಟ್ಟಡಗಳಲ್ಲಿ ತಳಪಾಯ, ಬಾಗಿಲ ಮೇಲ್ಭಾಗ ಹಾಗೂ ಛಾವಣಿ ಮಟ್ಟಗಳಲ್ಲಿ ಸುತ್ತುವರಿದ ಕಾಂಕ್ರೀಟ್ ಪಟ್ಟಿ ಮತ್ತು ಮೂಲೆಗಳಲ್ಲಿ ನೇರ ಕಬ್ಬಿಣವನ್ನು ಅಳವಡಿಸಿದಲ್ಲಿ ಗೋಡೆಗಳು ಒಂದಾಗಿ ನಿಲ್ಲುತ್ತವೆ. ಬೀರು ಮತ್ತು ಕಪಾಟುಗಳನ್ನು ಗೋಡೆಗೆ ಬಿಗಿಯುವುದು.

9.3 ಇಳಿಜಾರು ದಾರಿಯು ಒಂದು ಅಡಿ ಏರಿಕೆಗೆ ಹನ್ನೆರಡು ಅಡಿ ಉದ್ದಕ್ಕಿಂತ ಕಡಿಮೆ ಇರತಕ್ಕದ್ದಲ್ಲ. 45 ಸೆಂ.ಮೀ. ಎತ್ತರದ ತಳಪಾಯಕ್ಕೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಇದಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಗಾಲಿಕುರ್ಚಿಯ ಮಗುವು ಸ್ವತಃ ಏರಲಾರದು. ಎರಡೂ ಬದಿಗೆ ಕೈಹಿಡಿ, ಜಾರದ ನೆಲ ಮತ್ತು 90 ಸೆಂ.ಮೀ. ತೆರಪಿನ ಬಾಗಿಲು ಅಗತ್ಯ. ಇಳಿಜಾರು ಕೊಠಡಿಗೆ ಮಾತ್ರವಲ್ಲದೆ ಶೌಚಾಲಯ ಮತ್ತು ನೀರಿನ ನಲ್ಲಿಯವರೆಗೂ ತಲುಪಬೇಕು.

10. ಕಾಮಗಾರಿಯ ಹಂತಗಳು ಮತ್ತು ಸಾರ್ವಜನಿಕರ ಪಾತ್ರ

(1) ಸಮಿತಿಯ ಸಭೆಯಲ್ಲಿ ಶಿಕ್ಷಕರು ಹಾಗೂ ಪೋಷಕರೊಂದಿಗೆ ಚರ್ಚಿಸಿ ನಿರ್ಣಯ ಕೈಗೊಂಡು, ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು.

(2) ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮನವಿ ಸಲ್ಲಿಸುವುದು. ಮನವಿಯೊಂದಿಗೆ ಶಾಲೆಯ ಯು-ಡೈಸ್ ಸಂಖ್ಯೆ, ತರಗತಿವಾರು ದಾಖಲಾತಿ, ಶಿಕ್ಷಕರ ಸಂಖ್ಯೆ, ಹಾಲಿ ಕೊಠಡಿಗಳ ಸ್ಥಿತಿ, ಆವರಣದ ನಕ್ಷೆ, ನಿವೇಶನದ ದಾಖಲೆ, ಭಾವಚಿತ್ರಗಳು ಹಾಗೂ ಸಮಿತಿಯ ನಿರ್ಣಯದ ಪ್ರತಿಯನ್ನು ಲಗತ್ತಿಸುವುದು ಸೂಕ್ತ.

(3) ಇಂಜಿನಿಯರರು ಸ್ಥಳ ಪರಿಶೀಲಿಸಿ ನಕ್ಷೆ ಮತ್ತು ಅಂದಾಜು ಪಟ್ಟಿ ತಯಾರಿಸುವ ಹಂತದಲ್ಲೇ ತಡಿಕೆ, ವರಾಂಡದ ಅಗಲ, ಕಿಟಕಿಗಳ ಸ್ಥಾನ, ಮಳೆನೀರಿನ ತೊಟ್ಟಿ ಮುಂತಾದ ಬೇಡಿಕೆಗಳನ್ನು ಲಿಖಿತವಾಗಿ ತಿಳಿಸುವುದು. ಅಂದಾಜಿನಲ್ಲಿ ಸೇರದ ಅಂಶವು ಕಟ್ಟಡದಲ್ಲಿ ಬರುವುದಿಲ್ಲ.

(4) ಆಡಳಿತಾತ್ಮಕ ಅನುಮೋದನೆ ಮತ್ತು ತಾಂತ್ರಿಕ ಮಂಜೂರಾತಿಯ ನಂತರ, ಸರ್ಕಾರಿ ಹಣದ ಕಾಮಗಾರಿಗಳಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ.

(5) ಕಾಮಗಾರಿಯ ಅವಧಿಯಲ್ಲಿ ಶಾಲೆ ನಡೆಯುತ್ತಿರುವುದರಿಂದ ಕೆಲಸದ ಜಾಗಕ್ಕೆ ಬೇಲಿ, ಸಾಮಗ್ರಿ ಲಾರಿಗಳಿಗೆ ಪ್ರತ್ಯೇಕ ದಾರಿ, ಅಗೆದ ಗುಂಡಿ ಹಾಗೂ ನೀರಿನ ತೊಟ್ಟಿಗಳಿಗೆ ಮುಚ್ಚಳ ಕಡ್ಡಾಯ. ಶಿಥಿಲ ಕೊಠಡಿ ಕೆಡವುವುದು, ಅಡಿಪಾಯ ಅಗೆಯುವುದು ಮುಂತಾದ ಅಪಾಯಕರ ಕೆಲಸಗಳನ್ನು ಬೇಸಿಗೆ ರಜೆಯಲ್ಲಿ ಮುಗಿಸಿ, ಮುಂಗಾರಿಗೆ ಮುನ್ನ ಅಡಿಪಾಯ ತುಂಬಿಸುವುದು ಉತ್ತಮ.

(6) ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ನಾಗರಿಕರು ಅಂದಾಜು ಪಟ್ಟಿ ಹಾಗೂ ಅಳತೆ ಪುಸ್ತಕದ ಪ್ರತಿ ಪಡೆಯುವುದಲ್ಲದೆ, ಕಾಮಗಾರಿಯನ್ನು ಪರಿಶೀಲಿಸಲು ಮತ್ತು ಸಾಮಗ್ರಿಯ ದೃಢೀಕೃತ ಮಾದರಿಗಳನ್ನು ಪಡೆಯಲು ಸಹ ಹಕ್ಕುಳ್ಳವರಾಗಿರುತ್ತಾರೆ.

(7) ಕಟ್ಟಡವನ್ನು ವಶಕ್ಕೆ ಪಡೆಯುವಾಗ ನಕ್ಷೆಯ ಪ್ರತಿ, ವಿದ್ಯುತ್ ಮತ್ತು ನೀರಿನ ಕೊಳವೆಗಳ ವಿವರ ಹಾಗೂ ಗುತ್ತಿಗೆದಾರರ ದೋಷ ಹೊಣೆ ಅವಧಿಯ ವಿವರಗಳನ್ನು ಶಾಲೆಯ ದಾಖಲೆಯಲ್ಲಿ ಇರಿಸುವುದು. ಮೊದಲ ಮಳೆಗಾಲದಲ್ಲಿ ಕಂಡ ಸೋರಿಕೆ, ಬಿರುಕುಗಳನ್ನು ಕೂಡಲೇ ಲಿಖಿತವಾಗಿ ವರದಿ ಮಾಡುವುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ದಾನಿಗಳು ತಮ್ಮದೇ ನಕ್ಷೆಯಂತೆ ಕೊಠಡಿ ಕಟ್ಟಿಸಿಕೊಡಬಹುದೇ?
ಉತ್ತರ: ಸರ್ಕಾರಿ ಶಾಲೆಯ ಆವರಣದಲ್ಲಿ ಇಲಾಖೆಯ ಅನುಮತಿ ಮತ್ತು ಇಂಜಿನಿಯರರ ತಾಂತ್ರಿಕ ಪರಿಶೀಲನೆಯ ನಂತರವೇ ಕಾಮಗಾರಿ ಆರಂಭಿಸತಕ್ಕದ್ದು.

ಪ್ರಶ್ನೆ: ಎಲ್ಲಾ ಅಂಶಗಳಿಗೂ ಹಣ ಸಾಲದಿದ್ದಲ್ಲಿ ಯಾವುದಕ್ಕೆ ಆದ್ಯತೆ?
ಉತ್ತರ: ನಂತರ ಬದಲಿಸಲಾಗದವುಗಳಿಗೆ ಆದ್ಯತೆ ನೀಡುವುದು: ಅಡಿಪಾಯ, ದಿಕ್ಕು, ಕಿಟಕಿ, ಬಾಗಿಲುಗಳ ಸ್ಥಾನ, ಭೂಕಂಪ ಪಟ್ಟಿ, ಇಳಿಜಾರು ದಾರಿ ಮತ್ತು ಜೋಡಿ ಕೊಠಡಿಯ ನಡುವಿನ ತೊಲೆ. ತಡಿಕೆ, ಸೌರ ಫಲಕ, ಬಣ್ಣ ಮತ್ತು ಪೀಠೋಪಕರಣಗಳನ್ನು ಮುಂದಿನ ವರ್ಷಗಳಲ್ಲಿ ಸೇರಿಸಬಹುದು.

ಪ್ರಶ್ನೆ: ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿರುವ ಶಾಲೆಗೆ ಹೊಸ ಕೊಠಡಿ ಬೇಕೇ?
ಉತ್ತರ: ಮೊದಲು ಹಾಲಿ ಕೊಠಡಿಗಳ ದುರಸ್ತಿಯನ್ನು ಪರಿಶೀಲಿಸುವುದು. ಗಟ್ಟಿಯಾದ ಹಳೆಯ ಗೋಡೆಗಳನ್ನು ಉಳಿಸಿ ಛಾವಣಿ ಬದಲಿಸುವುದು, ಕಿಟಕಿ ದೊಡ್ಡದು ಮಾಡುವುದು ಅನೇಕ ಕಡೆ ಹೊಸ ಕಟ್ಟಡಕ್ಕಿಂತ ಕಡಿಮೆ ವೆಚ್ಚದ್ದೂ ಪರಿಸರಕ್ಕೆ ಹಿತವಾದದ್ದೂ ಆಗಿರುತ್ತದೆ.

12. ಸೂಚನೆ

ಮೇಲಿನ ಅಳತೆ ಮತ್ತು ಲೆಕ್ಕಗಳು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಿದ ಉದಾಹರಣೆಗಳಾಗಿರುತ್ತವೆ. ಪ್ರತಿ ಕಟ್ಟಡದ ವಿನ್ಯಾಸವು ಸ್ಥಳದ ಮಣ್ಣು, ಮಳೆ ಮತ್ತು ಶಾಲೆಯ ಅಗತ್ಯಕ್ಕೆ ಅನುಗುಣವಾಗಿ ಅರ್ಹ ಇಂಜಿನಿಯರರಿಂದ, ಜಾರಿಯಲ್ಲಿರುವ ಭಾರತೀಯ ಮಾನಕಗಳು ಹಾಗೂ ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಸಿದ್ಧವಾಗತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.